ಪಿಬಿಎಕ್ಸ್ ಸರ್ವರ್‌ನಲ್ಲಿ ಇ1 ಪಿಆರ್‌ಐ ಲೈನ್ ಕೈಕೊಟ್ಟಾಗ

ಪಿಬಿಎಕ್ಸ್ ಎಂದರೆ ಕಚೇರಿಯ ಫೋನ್ ಕರೆಗಳನ್ನು ಜೋಡಿಸುವ ಸರ್ವರ್; ಇ1 ಪಿಆರ್‌ಐ ಎಂದರೆ ಟೆಲಿಕಾಂ ಕಂಪನಿಯಿಂದ ಅದಕ್ಕೆ ಬರುವ, ಒಟ್ಟಿಗೆ ಮೂವತ್ತು ಕರೆ ಒಯ್ಯಬಲ್ಲ ಡಿಜಿಟಲ್ ಲೈನ್. ಕರೆ ಹೋಗುತ್ತಿಲ್ಲ ಎಂದ ಕೂಡಲೇ ಡಯಲ್‌ಪ್ಲಾನ್ (ಯಾವ ಕರೆ ಎಲ್ಲಿಗೆ ಹೋಗಬೇಕೆಂಬ ನಿಯಮಗಳು) ತೆರೆದು ಕೂರಬೇಡಿ. ಮೊದಲು ತಂತಿ, ಆಮೇಲೆ ಫ್ರೇಮಿಂಗ್ (ಬಿಟ್‌ಗಳನ್ನು ಫ್ರೇಮ್‌ಗಳಾಗಿ ಜೋಡಿಸುವ ರೀತಿ) ಮತ್ತು ಕ್ಲಾಕ್, ನಂತರ ಡಿ ಚಾನೆಲ್ (ಕರೆ ಜೋಡಿಸುವ ಸಂಕೇತಗಳ ದಾರಿ), ಕೊನೆಗೆ ಕರೆ: ಹುಡುಕುವ ಕ್ರಮ ಇದು. ಇಲ್ಲಿನ ವಿವರ ಅಸ್ಟರಿಸ್ಕ್ ಎಂಬ ಪಿಬಿಎಕ್ಸ್ ತಂತ್ರಾಂಶ ಮತ್ತು ಲೈನ್ ಕಾರ್ಡ್ ನಡೆಸುವ ಡಾಡಿ ಡ್ರೈವರ್ ಇರುವ ಸರ್ವರ್‌ಗೆ.

ಕಾರ್ಡ್‌ನಲ್ಲಿ ರೆಡ್ ಅಲಾರಂ ಇದ್ದರೆ ಆಚೆಯಿಂದ, ಅಂದರೆ ಟೆಲಿಕಾಂ ಕಂಪನಿಯ ಕಡೆಯಿಂದ, ಸಿಗ್ನಲ್ ಬರುತ್ತಿಲ್ಲ, ಇಲ್ಲವೇ ಬಂದರೂ ಫ್ರೇಮ್ ಹೊಂದುತ್ತಿಲ್ಲ. ಯೆಲ್ಲೋ ಎಂದರೆ ನಾವು ಕಳಿಸಿದ್ದು ಅವರಿಗೆ ಮುಟ್ಟುತ್ತಿಲ್ಲ. ಬ್ಲೂ ಆದರೆ ಟೆಲಿಕಾಂ ಕಂಪನಿಗೆ ದೂರು ಕೊಡಿ, ದೋಷ ಸಾಮಾನ್ಯವಾಗಿ ಅವರ ಕಡೆಯದೇ.

ರೆಡ್ ಇದ್ದಾಗ ಆರ್‌ಜೆ45 ಪ್ಲಗ್‌ನಲ್ಲಿ ಪಿನ್ 1ನ್ನು 4ಕ್ಕೆ, 2ನ್ನು 5ಕ್ಕೆ ಜೋಡಿಸಿದ ಲೂಪ್ ಮಾಡಿ ಕಾರ್ಡ್‌ಗೆ ಚುಚ್ಚಿ. ಅಲಾರಂ ಹೋದರೆ ಪೋರ್ಟ್ ಚೆನ್ನಾಗಿದೆ. ಆದರೆ ಲೂಪ್‌ನಲ್ಲಿ ಕಾರ್ಡ್ ಕೇಳಿಸಿಕೊಳ್ಳುವುದು ತನ್ನ ಮಾತನ್ನೇ. ಹಾಗಾಗಿ ಫ್ರೇಮಿಂಗ್ ತಪ್ಪಿದ್ದರೂ, ಕಾರ್ಡ್‌ನ ಜಂಪರ್ ಟಿ1 (24 ಚಾನೆಲ್‌ನ ಬೇರೆ ಬಗೆಯ ಲೈನ್) ಕಡೆ ಇದ್ದರೂ ಈ ಪರೀಕ್ಷೆ ಪಾಸಾಗಿಬಿಡುತ್ತದೆ. ಡಾಡಿ ಸ್ಕ್ಯಾನ್ ಎಂಬ ಆಜ್ಞೆ ಕೊಟ್ಟಾಗ 31 ಚಾನೆಲ್ ಕಾಣಬೇಕು. 24 ಕಂಡರೆ ಕಾರ್ಡ್ ಟಿ1 ಮೋಡ್‌ನಲ್ಲಿದೆ. ಕ್ರಾಸ್ ಕೇಬಲ್ ಬೇಕಾದಲ್ಲಿ ಈಥರ್ನೆಟ್ ಕ್ರಾಸ್ ಕೆಲಸಕ್ಕೆ ಬಾರದು, ಅದರಲ್ಲಿ ಅದಲುಬದಲಾಗುವ ಪಿನ್‌ಗಳೇ ಬೇರೆ. ಲೈನ್ 75 ಓಮ್‌ನ ಎರಡು ಬಿಎನ್‌ಸಿಗಳಲ್ಲಿ (ಕೋಆಕ್ಸಿಯಲ್ ತಂತಿಯ ಕನೆಕ್ಟರ್‌ಗಳು) ಬಂದರೆ ನಡುವೆ 120 ಓಮ್‌ಗೆ ಬದಲಿಸುವ ಬಾಲನ್ ಇರಬೇಕು; ಆಗಲೂ ರೆಡ್ ಉಳಿದರೆ ಬಿಎನ್‌ಸಿಗಳನ್ನು ಅದಲುಬದಲು ಮಾಡಿ ನೋಡಿ.

ಡಾಡಿಯ ಸಿಸ್ಟಂ ಫೈಲಿನ ಸ್ಪ್ಯಾನ್ (ಕಾರ್ಡ್‌ನ ಒಂದು ಲೈನ್) ಸಾಲಿನಲ್ಲಿ ಕ್ರಮವಾಗಿ 1, 1, 0, ಸಿಸಿಎಸ್ (ಫ್ರೇಮಿಂಗ್), ಎಚ್‌ಡಿಬಿ3 (ಲೈನ್ ಕೋಡಿಂಗ್), ಸಿಆರ್‌ಸಿ4 (ದೋಷ ಪರೀಕ್ಷೆ) ಇರಲಿ. ಮಾತು ಒಯ್ಯುವ ಬಿ ಚಾನೆಲ್ 1ರಿಂದ 15 ಮತ್ತು 17ರಿಂದ 31, ಡಿ ಚಾನೆಲ್ 16. ಸಿಆರ್‌ಸಿ4 ಅವರ ಕಡೆ ಇಲ್ಲದಿದ್ದರೆ ಇಲ್ಲೂ ತೆಗೆಯಿರಿ.

ಹೆಚ್ಚು ಕಾಡುವುದು ಆ ಸಾಲಿನ ಎರಡನೆಯ ಅಂಕಿ. ಅದು ಕ್ಲಾಕ್ ಎಲ್ಲಿಂದ ಎನ್ನುವುದನ್ನು ಹೇಳುತ್ತದೆ. ಟೆಲಿಕಾಂ ಲೈನಿಗೆ 1 ಇರಬೇಕು. 0 ಇದ್ದರೆ ಕಾರ್ಡ್ ತನ್ನದೇ ಕ್ರಿಸ್ಟಲ್ ನಂಬಿ ಓಡುತ್ತದೆ. ಎರಡು ಕ್ಲಾಕ್‌ಗಳ ನಡುವೆ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ವ್ಯತ್ಯಾಸವಿದ್ದರೆ ಎರಡೂವರೆ ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಜಾರುತ್ತದೆ. ದೀಪ ಹಸಿರೇ ಇರುತ್ತದೆ, ಮಾತಿನಲ್ಲಿ ಟಿಕ್ ಟಿಕ್ ಸದ್ದು, ಫ್ಯಾಕ್ಸ್ ಅರ್ಧಕ್ಕೇ ನಿಲ್ಲುತ್ತದೆ, ಲಾಗ್ ತುಂಬ ಎಚ್‌ಡಿಎಲ್‌ಸಿ ಅಬಾರ್ಟ್ ಮತ್ತು ಬ್ಯಾಡ್ ಎಫ್‌ಸಿಎಸ್ (ಡಿ ಚಾನೆಲ್‌ನ ಸಂದೇಶ ಕೆಟ್ಟು ಬಂದಿದೆ ಎಂಬ ದೂರು). ಕ್ಲಾಕ್ ಸರಿಯಿದ್ದೂ ಇವೇ ಸಂದೇಶ ಬಂದರೆ ಕಾರ್ಡ್‌ನ ಇಂಟರಪ್ಟ್ (ಪ್ರೊಸೆಸರ್ ಗಮನ ಸೆಳೆಯುವ ಸಂಕೇತ) ಬೇರೆ ಸಾಧನದೊಂದಿಗೆ ಹಂಚಿಕೆಯಾಗಿದೆಯೇ ನೋಡಿ.

ಅಲಾರಂ ಇಲ್ಲ, ಆದರೂ ಅಸ್ಟರಿಸ್ಕ್‌ನ ‘ಪಿಆರ್‌ಐ ಶೋ ಸ್ಪ್ಯಾನ್ಸ್’ ಆಜ್ಞೆ ಡೌನ್ ಎನ್ನುತ್ತಿದೆ. ಆಗ ಸ್ಪ್ಯಾನ್ ಡಿಬಗ್ ಹಚ್ಚಿ ಸಂದೇಶಗಳನ್ನು ನೋಡಿ. ನಮ್ಮ ಎಸ್‌ಎಬಿಎಂಇ (ಸಂಪರ್ಕ ಶುರು ಮಾಡೋಣವೇ ಎಂಬ ಕೋರಿಕೆ) ಮತ್ತೆಮತ್ತೆ ಹೋಗುತ್ತಿದ್ದು ಯುಎ (ಒಪ್ಪಿಗೆ) ಉತ್ತರ ಬಾರದಿದ್ದರೆ ಡಿ ಚಾನೆಲ್ ಸಂಖ್ಯೆ ತಪ್ಪಿದೆ, ಇಲ್ಲವೇ ಅವರು ಪಿಆರ್‌ಐ ಬದಲು ಆರ್2 ಎಂಬ ಬೇರೆ ಸಿಗ್ನಲಿಂಗ್ ಕೊಟ್ಟಿದ್ದಾರೆ, ಇಲ್ಲವೇ ಅವರ ಸ್ವಿಚ್‌ನಲ್ಲಿ ಲೈನನ್ನು ಇನ್ನೂ ಚಾಲೂ ಮಾಡಿಲ್ಲ. ನಮ್ಮ ಕಡೆ ಸಿಗ್ನಲಿಂಗ್ ಪಿಆರ್‌ಐ ಸಿಪಿಇ (ಗ್ರಾಹಕರ ಕಡೆ) ಆಗಿರಬೇಕು. ನಾವೂ ಸಿಪಿಇ, ಆಚೆಯವರೂ ಸಿಪಿಇ ಎಂಬ ಎಚ್ಚರಿಕೆ ಕಂಡರೆ ಸೆಟ್ಟಿಂಗ್ ಮುಟ್ಟುವ ಮೊದಲು ಲೂಪ್ ಹುಡುಕಿ: ನಿಮ್ಮದೇ ಪ್ಲಗ್ ಉಳಿದಿರಬಹುದು, ಟೆಸ್ಟಿಗೆಂದು ಹಾಕಿದ್ದನ್ನು ಕಂಪನಿಯವರು ತೆಗೆಯದೆಯೂ ಹೋಗಿರಬಹುದು.

ಲೈನ್ ಎದ್ದ ಮೇಲೂ ಕರೆ ಬಿದ್ದುಹೋದರೆ ಕಾಸ್ ಕೋಡ್ (ಕರೆ ಕಡಿದ ಕಾರಣದ ಸಂಖ್ಯೆ) ಓದಿ. 28 ಬಂದರೆ ನಂಬರ್ ಕಳಿಸುವ ರೂಪ ಅವರಿಗೆ ಒಪ್ಪಿಗೆಯಾಗಿಲ್ಲ, ಪಿಆರ್‌ಐ ಡಯಲ್‌ಪ್ಲಾನ್ (ನಂಬರ್ ಯಾವ ಬಗೆಯದೆಂದು ಹೇಳುವ ಸೆಟ್ಟಿಂಗ್) ಅನ್ನು ಅನ್‌ನೋನ್ ಮಾಡಿ ನೋಡಿ. 44 ಬಂದರೆ ಕೇಳಿದ ಚಾನೆಲ್ ಸಿಗುತ್ತಿಲ್ಲ, ಅವರು ಕೊಟ್ಟ ಚಾನೆಲ್ ಎಷ್ಟು ಎಂದು ಕೇಳಿ. ಹತ್ತೇ ಚಾನೆಲ್ ಕೊಟ್ಟಲ್ಲಿ ನೀವು ಮೂವತ್ತನ್ನೂ ಬರೆದಿಟ್ಟರೆ ಕೆಲವು ಕರೆ ಹೋಗುತ್ತವೆ, ಕೆಲವು ಹೋಗುವುದಿಲ್ಲ.