ಖಾಸಗಿ ಪಾರ್ಕಿಂಗ್ ಕ್ಲೇಮ್: ಕೋರ್ಟಿಗೆ ಮುನ್ನ ರಾಜಿಯೋ, ವಾದವೋ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೆಲೆಸಿರುವ ನಮ್ಮವರಲ್ಲಿ ಹಲವರಿಗೆ ಸೂಪರ್‌ಮಾರ್ಕೆಟ್ಟಿನ ಅಥವಾ ಆಸ್ಪತ್ರೆಯ ಕಾರ್ ಪಾರ್ಕ್ ನೋಡಿಕೊಳ್ಳುವ ಖಾಸಗಿ ಕಂಪನಿಯಿಂದ ನೂರು ಪೌಂಡಿನ ಬೇಡಿಕೆ ಬಂದಿರುತ್ತದೆ. ಆಗ ಕೆಲವರು ವೀಸಾಕ್ಕೆ ತೊಂದರೆಯಾದೀತೆಂದು ಹೆದರಿ ಕೇಳಿದಷ್ಟನ್ನೂ ತೆತ್ತುಬಿಡುತ್ತಾರೆ. ಇನ್ನು ಕೆಲವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಹೇಳಿದರೆಂದು ಪತ್ರವನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಇದು ಕ್ರಿಮಿನಲ್ ದಂಡವಲ್ಲ, ಕರಾರಿನ ಮೇಲಿನ ಸಿವಿಲ್ ಬೇಡಿಕೆ. ಕಟ್ಟಬೇಕೋ ವಾದಿಸಬೇಕೋ ಎಂಬುದನ್ನು ಭಯವಾಗಲಿ ಹಟವಾಗಲಿ ತೀರ್ಮಾನಿಸದೆ, ಕೈಯಲ್ಲಿರುವ ಕಾಗದ ಮತ್ತು ಸಣ್ಣದೊಂದು ಲೆಕ್ಕ ತೀರ್ಮಾನಿಸಬೇಕು.

ಮೊದಲು ಪತ್ರ ಕಳುಹಿಸಿದವರು ಯಾರೆಂದು ನೋಡಿ. ಕೌನ್ಸಿಲ್ ಅಥವಾ ಪೊಲೀಸರಾಗಿದ್ದರೆ ಈ ಲೇಖನ ನಿಮಗಲ್ಲ.

ಎರಡನೆಯದಾಗಿ, ವಾಹನ ನೋಂದಣಿ ಮತ್ತು ಲೈಸೆನ್ಸ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎಯ ದಾಖಲೆಯಲ್ಲಿರುವ ನಿಮ್ಮ ವಿಳಾಸ ಸರಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬಾಡಿಗೆ ಮನೆ ಬದಲಿಸಿದಾಗ ಲೈಸೆನ್ಸಿನ ವಿಳಾಸ ತಿದ್ದಿಸಿ, ಕಾರಿನ ಲಾಗ್‌ಬುಕ್ಕನ್ನು (ನೋಂದಣಿ ಪತ್ರ) ಮರೆಯುವವರು ಬಹಳ. ಅಂಥವರಿಗೆ ಕೋರ್ಟಿನ ಕಾಗದ ಹಳೆಯ ಮನೆಗೆ ಹೋಗಿ, ಉತ್ತರವಿಲ್ಲದೆ ತೀರ್ಪು ಬಿದ್ದು, ಅದು ಆರು ವರ್ಷ ದಾಖಲೆಯಲ್ಲಿ ಉಳಿದು, ಮನೆ ಸಾಲಕ್ಕೆ ಅರ್ಜಿ ಹಾಕಿದ ದಿನ ಬೆಳಕಿಗೆ ಬರುತ್ತದೆ.

ಮೂರನೆಯದಾಗಿ, ಬಂದ ಪತ್ರಗಳನ್ನು ಬೇರ್ಪಡಿಸಿ. ಸಾಲ ವಸೂಲಿ ಏಜೆನ್ಸಿಗಳ ಕೆಂಪಕ್ಷರದ ಪತ್ರಗಳನ್ನು ಫೈಲಿಗೆ ಸೇರಿಸಿದರೆ ಸಾಕು, ಏಕೆಂದರೆ ಕೋರ್ಟಿನ ತೀರ್ಪಿಲ್ಲದೆ ಯಾರೂ ಜಪ್ತಿಗೆ ನಿಮ್ಮ ಮನೆಗೆ ಬರುವಂತಿಲ್ಲ. ಆದರೆ ‘ಲೆಟರ್ ಆಫ್ ಕ್ಲೇಮ್’ ಎಂಬ ಶೀರ್ಷಿಕೆಯ, ಉತ್ತರದ ಫಾರಂ ಲಗತ್ತಿಸಿದ ಪತ್ರ ಬಂದರೆ ಅದರ ಮೇಲಿನ ದಿನಾಂಕವನ್ನು ಅಂದೇ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. 2017ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಸಾಲದ ಕ್ಲೇಮುಗಳ ಪೂರ್ವಭಾವಿ ನಿಯಮಾವಳಿಯಂತೆ ಉತ್ತರಿಸಲು ನಿಮಗೆ 30 ದಿನಗಳಿವೆ. ದಾಖಲೆ ಕೇಳಿದರೆ ಅವರು ಅದನ್ನು ಒದಗಿಸಿ ಇನ್ನೂ 30 ದಿನ ಕಳೆಯುವವರೆಗೆ ಕ್ಲೇಮ್ ಹೂಡುವಂತಿಲ್ಲ. ರಾಜಿಯ ವಿಚಾರ ಮಾಡಲು ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗದು, ಏಕೆಂದರೆ ಕ್ಲೇಮ್ ದಾಖಲಾದ ಕ್ಷಣದಿಂದ ಮೊತ್ತ ಬೆಳೆಯುತ್ತದೆ.

ಜನ ಎಡವುವುದು ನಾಲ್ಕನೆಯ ಹಂತದಲ್ಲಿ, ಎಂದರೆ ತಮ್ಮ ವಾದದ ಬಲವನ್ನು ತೂಗುವಲ್ಲಿ. ‘ಅವರಿಗೆ ನಷ್ಟವೇ ಆಗಿಲ್ಲ, ಮತ್ತೇಕೆ ನೂರು ಪೌಂಡ್?’ ಎಂಬ ವಾದವನ್ನು ಮೊದಲು ಕೈಬಿಡಿ. ಚೆಲ್ಮ್ಸ್‌ಫರ್ಡ್‌ನ ಕಾರ್ ಪಾರ್ಕೊಂದರಲ್ಲಿ ಎರಡು ಗಂಟೆಯ ಉಚಿತ ಅವಧಿಯನ್ನು 56 ನಿಮಿಷ ಮೀರಿದ್ದಕ್ಕೆ ವಿಧಿಸಿದ್ದ 85 ಪೌಂಡ್ ನ್ಯಾಯಬದ್ಧವೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಪಾರ್ಕಿಂಗ್‌ಐ ವಿರುದ್ಧ ಬೀವಿಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಅಲ್ಲಿನ ಫಲಕಗಳು ದೊಡ್ಡದಾಗಿ, ಎದ್ದು ಕಾಣುವಂತಿದ್ದವು ಎಂಬುದೂ ಆ ತೀರ್ಪಿಗೆ ಮುಖ್ಯವಾಗಿತ್ತು. ನಿಮ್ಮ ಜಾಗದ ಫಲಕ ಮರದ ಹಿಂದೆ ಅಡಗಿದ್ದರೆ, ಅಥವಾ ಮೊತ್ತ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿದ್ದರೆ, ಫೋಟೋ ತೆಗೆದಿಡಿ. ಕತ್ತಲಲ್ಲಿ ಕಾರು ನಿಲ್ಲಿಸಿದ್ದರೆ ಕತ್ತಲಲ್ಲಿಯೇ ಹೋಗಿ ತೆಗೆಯಿರಿ.

ಅನಂತರ ದಿನಾಂಕಗಳಿಗೆ ಬನ್ನಿ. 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆಯ ನಾಲ್ಕನೆಯ ಅನುಸೂಚಿಯ ಪ್ರಕಾರ, ಓಡಿಸಿದವರು ಯಾರೆಂದು ಕಂಪನಿಗೆ ತಿಳಿಯದಿದ್ದರೂ ವಾಹನದ ನೋಂದಾಯಿತ ಕೀಪರ್ (ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರು) ಹೊಣೆಯಾಗಬಹುದು. ‘ಸುಮ್ಮನಿದ್ದುಬಿಡಿ’ ಎಂಬ ಸಲಹೆ ಈ ಕಾಯ್ದೆಗಿಂತ ಹಿಂದಿನ ಕಾಲದ್ದು. ಆದರೆ ಕೀಪರ್‌ನನ್ನು ಹಿಡಿಯಬೇಕಾದರೆ, ಗಾಜಿನ ಮೇಲೆ ಚೀಟಿ ಅಂಟಿಸದ ಪ್ರಕರಣಗಳಲ್ಲಿ, ನೋಟಿಸು 14 ದಿನಗಳೊಳಗೆ ಮನೆಗೆ ತಲುಪಿರಬೇಕು. ತಡವಾಗಿದ್ದರೆ ನಿಮ್ಮ ವಾದ ಗಟ್ಟಿ, ಆದರೆ ಅಲ್ಲಿಯವರೆಗಿನ ಯಾವ ಪತ್ರದಲ್ಲಿಯೂ ‘ನಾನು ಕಾರು ನಿಲ್ಲಿಸಿದೆ’ ಎಂದು ನೀವು ಬರೆದಿರಬಾರದು. ‘ಕಾರು ಓಡಿಸಿದವರು’ ಎಂದೇ ಬರೆಯಿರಿ ಎಂಬುದು ನನ್ನ ಖಚಿತ ಸಲಹೆ. ಹಾಗೆಂದು ಸುಳ್ಳು ಹೇಳಬೇಡಿ. ಕೋರ್ಟಿನ ಕಾಗದಕ್ಕೆ ಸತ್ಯವೆಂದು ಸಹಿ ಹಾಕಿ ಸುಳ್ಳು ಬರೆಯುವುದು ನ್ಯಾಯಾಂಗ ನಿಂದನೆಯಾಗಬಹುದು. ಊರಿನಿಂದ ಬಂದ ತಂದೆತಾಯಿಯನ್ನು ಕರೆತರಲು ಹೋದಾಗ ವಿಮಾನ ನಿಲ್ದಾಣದಲ್ಲಿ ಆದ ಪ್ರಕರಣವಾದರೆ, ಆ ಜಾಗಕ್ಕೆ ಪ್ರತ್ಯೇಕ ಉಪವಿಧಿಗಳಿವೆಯೇ ಎಂದು ನೋಡಿ. ಇದ್ದಲ್ಲಿ ಕೀಪರ್ ಹೊಣೆಗಾರಿಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಹಣ ಕಟ್ಟಿ ನಂಬರ್ ಪ್ಲೇಟಿನ ಒಂದಕ್ಷರ ತಪ್ಪಿ ಒತ್ತಿದವರು, ಸಮಯ ಮುಗಿದು ಹತ್ತು ನಿಮಿಷದೊಳಗೆ ಹೊರಟವರು ರಾಜಿಯ ಮಾತನ್ನೇ ಎತ್ತಬೇಕಾಗಿಲ್ಲ. ಪಾರ್ಕಿಂಗ್ ಸಂಘಗಳ ನೀತಿಸಂಹಿತೆಯನ್ನು ತೋರಿಸಿ ರದ್ದು ಮಾಡಲು ಕೇಳಲಿ. ಅಂಗಡಿಯಲ್ಲಿ ಖರೀದಿಸಿದ ರಸೀದಿ ಇದ್ದರೆ ಮ್ಯಾನೇಜರನ್ನು ಕಾಣುವುದು ಎಲ್ಲಕ್ಕಿಂತ ಹತ್ತಿರದ ದಾರಿ. ದುಡ್ಡು ತೆಗೆದುಕೊಂಡು ಸಿದ್ಧ ‘ಡಿಫೆನ್ಸ್’ (ಕೋರ್ಟಿಗೆ ಸಲ್ಲಿಸುವ ಪ್ರತಿವಾದ ಪತ್ರ) ಮಾರುವವರ ಕಡೆ ತಿರುಗಿಯೂ ನೋಡಬೇಡಿ. ನಾನು ಕಂಡವುಗಳಲ್ಲಿ ಬೀವಿಸ್ ತೀರ್ಪಿನೊಂದಿಗೆ ಸತ್ತುಹೋದ ವಾದಗಳೇ ತುಂಬಿದ್ದವು.

ಈಗ ಲೆಕ್ಕ. ಸಾಮಾನ್ಯವಾಗಿ ಮೂಲ ಬೇಡಿಕೆ 100 ಪೌಂಡ್, ವಸೂಲಿ ವೆಚ್ಚವೆಂದು ಸೇರಿಸುವುದು 70. ಕ್ಲೇಮ್ ಹೂಡಿದರೆ ಕೋರ್ಟ್ ಶುಲ್ಕ 35, ವಕೀಲರ ನಿಗದಿತ ವೆಚ್ಚ 50, ವಿಚಾರಣೆಗೆ ಬಂದರೆ ಮತ್ತೆ 27. ಬಡ್ಡಿ ಬಿಟ್ಟು 282 ಪೌಂಡ್. ಆ 70 ಪೌಂಡನ್ನು ಕೆಲವು ನ್ಯಾಯಾಧೀಶರು ಒಪ್ಪುತ್ತಾರೆ, ಕೆಲವರು ತೆಗೆದುಹಾಕುತ್ತಾರೆ. ಇಂಥ ಸಣ್ಣ ಮೊತ್ತದ ಮೊಕದ್ದಮೆಗಳು ನಡೆಯುವ ಸ್ಮಾಲ್ ಕ್ಲೇಮ್ಸ್ ವಿಭಾಗದಲ್ಲಿ ನೀವು ಅನುಚಿತವಾಗಿ ವರ್ತಿಸದಿದ್ದರೆ ಎದುರಾಳಿಯ ವಕೀಲರ ದೊಡ್ಡ ಬಿಲ್ಲು ನಿಮ್ಮ ಮೇಲೆ ಬೀಳುವುದಿಲ್ಲ. ಹೀಗಾಗಿ, ನೂರು ಪೌಂಡಿಗೆ ರಾಜಿಯಾಗುವಂತಿದ್ದರೆ, ಸೋಲುವ ಸಂಭವ ಸುಮಾರು ಮೂರರಲ್ಲಿ ಒಂದಕ್ಕಿಂತ ಹೆಚ್ಚೆಂದು ಕಂಡಾಗ ರಾಜಿಯೇ ಅಗ್ಗ. ಅದಕ್ಕಿಂತ ಕಡಿಮೆಯಾದರೆ ವಾದವೇ ಅಗ್ಗ. ವಿಚಾರಣೆಗೆ ವ್ಯಯವಾಗುವ ರಜೆಯ ದಿನದ ಬೆಲೆಯನ್ನೂ ಸೇರಿಸಿಕೊಳ್ಳಿ, ಆದರೆ ತೀರ್ಪಿನ ಭಯವನ್ನು ಸೇರಿಸಬೇಡಿ: ಸೋತರೂ ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಅದು ದಾಖಲೆಯಿಂದ ಅಳಿಸಿಹೋಗುತ್ತದೆ.

ರಾಜಿಯೆಂದು ನಿರ್ಧರಿಸಿದರೆ ಮೂಲ ಮೊತ್ತವನ್ನು ಮೀರಬೇಡಿ. 170 ಪೌಂಡ್ ಕೊಟ್ಟು ಮುಗಿಸುವುದನ್ನು ನಾನು ರಾಜಿಯೆಂದು ಕರೆಯುವುದಿಲ್ಲ. ಫೋನಿನಲ್ಲಿ ಮಾತಾಡದೆ ಇಮೇಲಿನಲ್ಲಿಯೇ ಬರೆಯಿರಿ: ಮೇಲ್ಭಾಗದಲ್ಲಿ ‘ವಿತೌಟ್ ಪ್ರೆಜುಡಿಸ್’ (ಈ ರಾಜಿ ಮಾತನ್ನು ಕೋರ್ಟಿನಲ್ಲಿ ನಿಮ್ಮ ವಿರುದ್ಧ ಬಳಸುವಂತಿಲ್ಲ ಎಂಬ ಸೂಚನೆ), ಒಳಗೆ ಉಲ್ಲೇಖ ಸಂಖ್ಯೆ, ಮೊತ್ತ, ಹೊಣೆ ಒಪ್ಪಿಕೊಳ್ಳದೆ ಪೂರ್ಣ ಹಾಗೂ ಅಂತಿಮ ಇತ್ಯರ್ಥವಾಗಿ ಕೊಡುತ್ತಿದ್ದೀರೆಂಬ ಮಾತು, ಉತ್ತರಕ್ಕೆ ಗಡುವು. ಲಿಖಿತ ಒಪ್ಪಿಗೆ ಬರುವ ಮುನ್ನ ಒಂದು ಪೆನ್ನಿಯನ್ನೂ ಕಳುಹಿಸಬೇಡಿ, ಏಕೆಂದರೆ ಅರ್ಧ ಹಣ ಪಡೆದು ಉಳಿದದ್ದಕ್ಕೆ ಕ್ಲೇಮ್ ಹೂಡಲು ಅವರಿಗೆ ಅಡ್ಡಿಯಿರುವುದಿಲ್ಲ.

ಕ್ಲೇಮ್ ಆಗಲೇ ದಾಖಲಾಗಿದ್ದರೆ, ರಾಜಿಯ ಮಾತುಕತೆ ನಡೆಯುತ್ತಿದೆ ಎಂದು ಕೋರ್ಟಿನ ಗಡುವನ್ನು ಮರೆಯಬೇಡಿ. ಫಾರಂ ತಲುಪಿದ್ದನ್ನು 14 ದಿನಗಳೊಳಗೆ ಒಪ್ಪಿಕೊಂಡರೆ ಡಿಫೆನ್ಸ್ ಸಲ್ಲಿಸಲು ಒಟ್ಟು 28 ದಿನ ಸಿಗುತ್ತದೆ. ಕಂಪನಿಯ ಉತ್ತರ ಕಾಯುತ್ತ ಆ ದಿನ ದಾಟಿಸಿದವರ ಮೇಲೆ ಏಕಪಕ್ಷೀಯ ತೀರ್ಪು ಬೀಳುತ್ತದೆ, ಅದನ್ನು ರದ್ದುಪಡಿಸುವ ಅರ್ಜಿಯ ಶುಲ್ಕ ಮೂಲ ಬೇಡಿಕೆಯನ್ನೇ ಮೀರಿಸುತ್ತದೆ. ಡಿಫೆನ್ಸ್ ಸಲ್ಲಿಸಿದ ಬಳಿಕ, 2024ರ ಮೇ ತಿಂಗಳಿನಿಂದ ಕಡ್ಡಾಯವಾಗಿರುವ ಉಚಿತ ದೂರವಾಣಿ ಮಧ್ಯಸ್ಥಿಕೆಯಲ್ಲಿ ರಾಜಿಗೆ ಮತ್ತೊಂದು ಅವಕಾಶವಿದೆ. ಪಾಲ್ಗೊಳ್ಳುವುದು ಕಡ್ಡಾಯವೇ ಹೊರತು ಒಪ್ಪುವುದಲ್ಲ. ಕರೆ ಬರುವ ಮೊದಲೇ ನಿಮ್ಮ ಗರಿಷ್ಠ ಮೊತ್ತವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಗ ಒಪ್ಪಂದವಾದರೆ, ಕಂಪನಿ ಕ್ಲೇಮನ್ನು ಹಿಂತೆಗೆದುಕೊಂಡ ನೋಟಿಸಿನ ಪ್ರತಿಯನ್ನು ಕೇಳಿ ಪಡೆದು, ಪಾವತಿಯ ರಸೀದಿಯೊಂದಿಗೆ ಆರು ವರ್ಷ ಇಟ್ಟುಕೊಳ್ಳಿ.