ಫ್ರಾನ್ಸ್ ಹಳ್ಳಿಯಲ್ಲಿ ರಿಪೇರಿಯಾದ ಮನೆ ಕೊಳ್ಳುವುದು ಹೇಗೆ?

ದೊರ್ದೋನ್, ಲಿಮೂಸಾನ್ ಕಡೆಯ ಹಳೇ ಕಲ್ಲಿನ ಮನೆಗಳ ಫೋಟೊ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ, ಅಲ್ವಾ? ಬಣ್ಣ, ಹೊಸ ಅಡುಗೆಮನೆ ಎಲ್ಲ ಆಮೇಲೆ ನೋಡಿ. ಮೊದಲು ರಿಪೇರಿ ಬಿಲ್ಲು ಕೇಳಿ. ಛಾವಣಿ, ಗೋಡೆಯಂಥ ದೊಡ್ಡ ಕೆಲಸಕ್ಕೆ ಅಲ್ಲಿ ಕಂಟ್ರಾಕ್ಟರು 10 ವರ್ಷ ಹೊಣೆ, ಅದಕ್ಕೆ ಇನ್ಶೂರೆನ್ಸ್ ಕೂಡ ಕಡ್ಡಾಯ, ಮನೆ ಕೈ ಬದಲಾದರೂ ಉಳಿದ ವರ್ಷಗಳ ಗ್ಯಾರಂಟಿ ಹೊಸ ಮಾಲೀಕರಿಗೇ ಬರುತ್ತದೆ. ಮಾಲೀಕರು ತಾವೇ ಕೈಯಾರೆ ಮಾಡಿಕೊಂಡ ಕೆಲಸವಾದರೆ ಇನ್ಶೂರೆನ್ಸ್ ಇರುವುದು ಅಪರೂಪ. ಆ ಲೆಕ್ಕದಲ್ಲೇ ಚೌಕಾಸಿ ಮಾಡಿ.

ಇನ್ನು ಸೆಪ್ಟಿಕ್ ಟ್ಯಾಂಕ್. ಎಷ್ಟೋ ಹಳ್ಳಿಮನೆಗಳಿಗೆ ಒಳಚರಂಡಿ ಇಲ್ಲ, ಹಾಗಾಗಿ ಮಾರುವವರು 3 ವರ್ಷದೊಳಗಿನ ತಪಾಸಣೆ ವರದಿ ಕೊಡಬೇಕು. ಟ್ಯಾಂಕ್ ನಿಯಮದ ಪ್ರಕಾರ ಇಲ್ಲದಿದ್ದರೆ ಕೊಂಡ ಒಂದು ವರ್ಷದೊಳಗೆ ಸರಿಮಾಡಿಸುವುದು ನಿಮ್ಮ ತಲೆಗೇ. ಸಾವಿರಾರು ಯೂರೊ ಖರ್ಚು, ಸುಮ್ನೆ ಅಲ್ಲ. 1949ಕ್ಕಿಂತ ಹಳೆಯ ಮನೆಯಾದರೆ ಬಣ್ಣದಲ್ಲಿ ಸೀಸ ಇದೆಯಾ ಎಂಬ ವರದಿಯೂ ಇರಬೇಕು.

ವ್ಯವಹಾರ ನಡೆಸುವವರು ನೋತೇರ್, ಸರ್ಕಾರ ನೇಮಿಸಿದ ಕಾನೂನು ಅಧಿಕಾರಿ. ಮೊದಲು ‘ಕೊಂಪ್ರೊಮಿ’ ಅನ್ನುವ ಕರಾರು, ಜೊತೆಗೆ ಸಾಮಾನ್ಯವಾಗಿ ಶೇ 5ರಿಂದ 10 ಮುಂಗಡ. ಸಹಿ ಹಾಕಿದ ಪ್ರತಿ ಕೈಗೆ ಬಂದ ಮೇಲೆ 10 ದಿನದೊಳಗೆ ಕೊಳ್ಳುವವರು ಕಾರಣ ಹೇಳದೆ ಹಿಂದೆ ಸರಿಯಬಹುದು. ನೋಂದಣಿಗೆ ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಹಳೇ ಮನೆಗೆ ತೆರಿಗೆ, ಶುಲ್ಕ ಸೇರಿ ಶೇ 7-8 ಜಾಸ್ತಿ ಇಟ್ಟುಕೊಳ್ಳಿ.

ಮನೆ ಕೊಂಡರೆ ವೀಸಾ ಸಿಗುತ್ತದೆ ಅಂದುಕೊಳ್ಳಬೇಡಿ. ಭಾರತದ ಪಾಸ್‌ಪೋರ್ಟ್‌ಗೆ ಷೆಂಗೆನ್ ವೀಸಾದಲ್ಲಿ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಅಲ್ಪಾವಧಿ ವೀಸಾ) 180 ದಿನಕ್ಕೆ 90 ದಿನ ಮಾತ್ರ, ಹೆಚ್ಚು ದಿನ ಇರಲು ಬೇರೆ ವೀಸಾನೇ ಬೇಕು.