ಕುಡಿದವರಿಗೆ ಮಾಡು (ಮನೆಯ ಸೂರು) ತಿರುಗಿದರೆ

ರೋಸ್ (ಕರಾವಳಿ ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ) ಮುಗಿಸಿಯೋ ಮದುವೆ ಔತಣದಿಂದಲೋ ತೂರಾಡುತ್ತಾ ಬಂದವರಿಗೆ ಮನೆಯವರು ಸಾಮಾನ್ಯವಾಗಿ ಮಾಡುವುದು ಇಷ್ಟು: ಚಾಪೆಯಲ್ಲಿ ಅಂಗಾತ ಮಲಗಿಸಿ, ದೀಪ ಆರಿಸಿ, ಬಾಗಿಲೆಳೆದುಕೊಳ್ಳುವುದು. ಮೂರೂ ತಪ್ಪು. ಯಾಕೆಂದು ತಿಳಿಯಲು ಕಿವಿಯೊಳಗೆ ಇಣುಕಬೇಕು.

ಒಳಕಿವಿಯ ಅರ್ಧವೃತ್ತ ನಾಳಗಳಲ್ಲಿ ದ್ರವವಿದೆ, ಅದಕ್ಕೆ ಅಡ್ಡವಾಗಿ ಕ್ಯುಪುಲಾ ಎಂಬ ಲೋಳೆಯಂಥ ಪರದೆಯಿದೆ. ಎರಡರ ಸಾಂದ್ರತೆಯೂ ಒಂದೇ ಆದ್ದರಿಂದ ಸುಮ್ಮನೆ ಮಲಗಿದರೆ ಪರದೆ ಬಾಗುವುದಿಲ್ಲ. ಮದ್ಯಸಾರ ನೀರಿಗಿಂತ ಹಗುರ. ರಕ್ತನಾಳಗಳಿಗೆ ಹತ್ತಿರವಿರುವ ಪರದೆಗೆ ಅದು ಮೊದಲು ಸೇರುತ್ತದೆ, ದ್ರವಕ್ಕೆ ತಡವಾಗಿ. ಹಗುರಾದ ಪರದೆ ತೇಲಿ ಬಾಗಿದಾಗ, ತಲೆ ಅಲುಗದಿದ್ದರೂ ತಿರುಗುತ್ತಿದೆ ಎಂಬ ಸುದ್ದಿ ಮೆದುಳಿಗೆ ಹೋಗುತ್ತದೆ. 100 ಮಿ.ಲೀ. ರಕ್ತದಲ್ಲಿ ಮದ್ಯಸಾರ ಸುಮಾರು 40 ಮಿ.ಗ್ರಾಂ. ಮುಟ್ಟಿದಾಗ ಇದು ಶುರು. ವಾಹನ ಚಾಲಕರಿಗೆ ಕಾನೂನಿನ ಮಿತಿ 30. ಮಾಡು ತಿರುಗುವವನು ಆ ಮಿತಿಯನ್ನು ಆಗಲೇ ದಾಟಿರುತ್ತಾನೆ.

ಹಂತ 1: ಎಚ್ಚರವಿದ್ದರೆ ಕೂರಿಸಿ. ಗೋಡೆಗೆ ಒರಗಿಸಿ, ಗಲ್ಲ ತುಸು ಕೆಳಗೆ. ತಲೆ ಸುಮಾರು 30 ಡಿಗ್ರಿ ಮುಂದಕ್ಕೆ ಬಾಗಿದರೆ ಒಳಕಿವಿಯ ಅಡ್ಡ ನಾಳ ನೆಲಕ್ಕೆ ಸಮಾಂತರವಾಗಿ, ಪರದೆಯ ಮೇಲಿನ ಎಳೆತ ಕಡಿಮೆಯಾಗುತ್ತದೆ. ದೀಪ ಉರಿಯಲಿ. ಕಣ್ಣು ಬಿಟ್ಟು ಕಿಟಕಿಯ ಸರಳನ್ನೋ ಕ್ಯಾಲೆಂಡರನ್ನೋ ನೋಡುತ್ತಿರಲಿ, ಪಾದ ನೆಲಕ್ಕೆ ತಾಗಿರಲಿ. ಕಣ್ಣು ಮುಚ್ಚಿದರೆ ಕಿವಿಯ ಸುಳ್ಳನ್ನು ತಿದ್ದುವವರೇ ಇಲ್ಲ.

ಹಂತ 2: ಒಬ್ಬರನ್ನೇ ನಡೆಯಬಿಡಬೇಡಿ. ಸಮತೋಲ ಕಾಯುವ ಕಿರುಮೆದುಳನ್ನೂ ಮದ್ಯ ಕೆಡಿಸಿರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಬಾವಿಕಟ್ಟೆ ದಾಟಿ ಬಚ್ಚಲಿಗೆ ಹೋಗುವ ಮನೆಗಳಲ್ಲಂತೂ ಹತ್ತಿರ ಒಂದು ಬಕೆಟ್ ಇಡುವುದೇ ಮೇಲು.

ಹಂತ 3: ನಿದ್ದೆ ಹತ್ತಿದರೆ ಮಗ್ಗುಲಿಗೆ ಮಲಗಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಮಗ್ಗುಲಾದಾಗ ತಿರುಗು ಹೆಚ್ಚುತ್ತದೆ, ಅವರು ಗೊಣಗುತ್ತಾರೆ, ಮನೆಯವರು ಕನಿಕರಪಟ್ಟು ಮತ್ತೆ ಅಂಗಾತ ಮಾಡುತ್ತಾರೆ. ಮಾಡಬೇಡಿ. ಅಂಗಾತ ಮಲಗಿ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಅವರ ಪಕ್ಕ ಮೊಣಕಾಲೂರಿ ಕೂತು, ನಿಮ್ಮ ಕಡೆಯ ಕೈಯನ್ನು ದೇಹಕ್ಕೆ ಲಂಬವಾಗಿ ಚಾಚಿಸಿ. ಆಚೆಯ ಕೈಯನ್ನು ಎದೆಯ ಮೇಲಿಂದ ತಂದು, ಅಂಗೈಯ ಹಿಂಬದಿ ನಿಮ್ಮತ್ತಣ ಕೆನ್ನೆಗೆ ಒತ್ತುವಂತೆ ಹಿಡಿದುಕೊಳ್ಳಿ. ಇನ್ನೊಂದು ಕೈಯಿಂದ ಆಚೆಯ ಮೊಣಕಾಲನ್ನು ಎತ್ತಿ ಮಡಚಿ ನಿಮ್ಮತ್ತ ಎಳೆದರೆ ದಪ್ಪ ಆಳೂ ಸುಲಭವಾಗಿ ಹೊರಳುತ್ತಾರೆ. ಮೇಲಿನ ಕಾಲು ಲಂಬಕೋನದಲ್ಲಿ ಮಡಚಿರಲಿ, ಇಲ್ಲದಿದ್ದರೆ ಕವುಚಿ ಬೀಳುತ್ತಾರೆ. ಕೊನೆಗೆ ತಲೆಯನ್ನು ತುಸು ಹಿಂದಕ್ಕೆ ಸರಿಸಿ ಬಾಯಿ ನೆಲದತ್ತ ತಿರುಗಿಸಿ. ಪಕ್ಕದಲ್ಲಿ ಒಬ್ಬರು ಕೂತು ಉಸಿರು ಎಣಿಸುತ್ತಿರಿ: ನಿಮಿಷಕ್ಕೆ 8ಕ್ಕಿಂತ ಕಡಿಮೆ, ಎರಡು ಉಸಿರಿನ ನಡುವೆ 10 ಸೆಕೆಂಡಿಗಿಂತ ಹೆಚ್ಚು ಅಂತರ, ನೀಲಿಗಟ್ಟಿದ ತುಟಿ, ಜಿಗುಟಿದರೂ ಎಚ್ಚರವಾಗದಿರುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ.

ತಲೆಸುತ್ತಿನ ಮಾತ್ರೆ ಕೊಡಲೇಬೇಡಿ. ಪ್ರಯಾಣಕ್ಕೆಂದು ಮನೆಯಲ್ಲಿರುವ ಸಿನ್ನಾರಿಜಿನ್, ಪ್ರೊಮೆಥಜಿನ್ ಮಾತ್ರೆಗಳು ಮದ್ಯದ ಮಂಪರನ್ನು ಇಮ್ಮಡಿಸುತ್ತವೆ. ಲಿಂಬೆರಸ, ಕಾಫಿ, ತಣ್ಣೀರು ಸ್ನಾನ ಯಾವುದೂ ಮದ್ಯವನ್ನು ಬೇಗ ಇಳಿಸುವುದಿಲ್ಲ. ಪಿತ್ತಜನಕಾಂಗ ಇಳಿಸುವ ವೇಗ 100 ಮಿ.ಲೀ. ರಕ್ತಕ್ಕೆ ಗಂಟೆಗೆ ಸುಮಾರು 15 ಮಿ.ಗ್ರಾಂ. ಅಷ್ಟೇ. ಮಧ್ಯರಾತ್ರಿ 150 ಇದ್ದರೆ ಬೆಳಿಗ್ಗೆ 6ಕ್ಕೂ 60 ಉಳಿದಿರುತ್ತದೆ. ಬೈಕ್ ಕೀ ತೆಗೆದಿಡಿ.

ಹಂತ 4: ಬೆಳಗಿನ ತಿರುಗು ಬೇರೆ. ನಡುವೆ ಒಂದೆರಡು ಗಂಟೆ ಎಲ್ಲ ಸರಿಯಾದಂತೆ ಕಾಣುತ್ತದೆ, ಪರದೆ ಮತ್ತು ದ್ರವ ಸಮವಾದ ಹೊತ್ತದು. ಆಮೇಲೆ ಮದ್ಯಸಾರ ಪರದೆಯಿಂದಲೇ ಮೊದಲು ಹೊರಡುತ್ತದೆ. ಈಗ ಪರದೆ ಭಾರ, ದ್ರವ ಹಗುರ; ತಿರುಗು ಉಲ್ಟಾ ದಿಕ್ಕಿಗೆ. ರಕ್ತದಲ್ಲಿ ಮದ್ಯ ಪೂರ್ತಿ ಇಳಿದ ಮೇಲೂ ಇದು ಗಂಟೆಗಟ್ಟಲೆ ಇರಬಹುದು. ಬೆಳಿಗ್ಗೆ ಮತ್ತೊಂದು ಗುಟುಕು ಹಾಕಿದರೆ ಹಾಯೆನಿಸುವುದು ಪರದೆ ಪುನಃ ಹಗುರಾಗುವುದರಿಂದ. ಇಡೀ ಚಕ್ರ ಮೊದಲಿಂದ ಶುರುವಾಗುತ್ತದೆ. ಬೊಂಡ (ಎಳನೀರು), ಉಪ್ಪು ಹಾಕಿದ ಗಂಜಿ ತಿಳಿ ಸಾಕು. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗುವುದೋ, ಘಾಟಿಯ ಬಸ್ಸೋ ಇದ್ದರೆ ಮರುದಿನಕ್ಕೆ ಹಾಕಿ.

ಎರಡನೇ ದಿನವೂ ತಿರುಗಿದರೆ, ಒಂದು ಕಿವಿ ಮಂದವಾದರೆ ಕಿವಿ ವೈದ್ಯರ ಬಳಿ ಹೋಗಿ. ಬಾಯಿ ಸೊಟ್ಟಗಾದರೆ, ಒಂದೇ ಕಡೆಯ ಕೈಕಾಲು ಸೋತರೆ ಕುಡಿತದ ಮೇಲೆ ಹಾಕಿ ಕಾಯಬೇಡಿ. ಅದು ಪಾರ್ಶ್ವವಾಯು ಇರಬಹುದು, ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ.